ಹಲ್ಲು ನೋಡದೆ ಕೊಂಡ ಕಾಂಟೆಸ್ಸಾ

ನಮ್ಮ ತಾತ ಸಿದ್ಧಗಂಗೆ ಜಾತ್ರೆಗೆ ಎತ್ತು ತರೋಕೆ ಹೋದರೆ ಬೆಳಗ್ಗೆ ಹೋದವರು ಕತ್ತಲಾದರೂ ಬರ್ತಿರಲಿಲ್ಲವಂತೆ. ಶಿವರಾತ್ರಿ ಹೊತ್ತಿನ ಬಿಸಿಲಲ್ಲಿ ಸಾಲಾಗಿ ಕಟ್ಟಿದ ರಾಸುಗಳ ಮಧ್ಯೆ ಅಡ್ಡಾಡೋದು. ಒಂದು ಜೋಡಿ ಕಣ್ಣಿಗೆ ಬಿದ್ದರೆ ಮೊದಲು ಬಾಯಿ ತೆರೆಸಿ ಹಲ್ಲು ನೋಡೋದು. ಎರಡು ಹಲ್ಲಾ, ನಾಲ್ಕು ಹಲ್ಲಾ, ಬಾಯಿಗೂಡಿದೆಯಾ? ಆಮೇಲೆ ಸುಳಿ, ಆಮೇಲೆ ಗೊರಸು. ಆಮೇಲೆ ನಾಲ್ಕು ಹೆಜ್ಜೆ ನಡೆಸಿ, ಗಾಡಿಗೆ ಕಟ್ಟಿ ಎಳೆಸಿ ನೋಡೋದು. ಇಷ್ಟೆಲ್ಲ ಆದಮೇಲೆ ಟವೆಲ್ ಒಳಗೆ ಕೈ ಹಾಕಿ, ಬೆರಳು ಹಿಡಿದು ವ್ಯಾಪಾರ. ಮಾರೋರು ಆಗಲೂ ಎತ್ತಿನ ಮೈ ತೊಳೆದು, ಕೊಂಬು ಹೆರೆದು, ಬಣ್ಣ ಬಳಿದು, ಗೆಜ್ಜೆ ಕಟ್ಟಿ ನಿಲ್ಲಿಸ್ತಿದ್ದರು. ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ತಿರಲಿಲ್ಲ. ಕೊಂಬಿನ ಬಣ್ಣ ಮಾರೋನ ಖುಷಿ, ಹಲ್ಲು ನೋಡೋದು ಕೊಳ್ಳೋನ ಕೆಲಸ. ಅಷ್ಟೇ ಲೆಕ್ಕ.

ಆ ತಾತನ ಮೊಮ್ಮಗನಾದ ನಾನು, ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ಕೆಲಸಕ್ಕಿದ್ದು, ದಿನವಿಡೀ ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳೋ ನಾನು, ಗುಬ್ಬಿ ಕಡೆಯ ಒಂದು ತೆಂಗಿನ ತೋಟದಲ್ಲಿ ನಿಂತಿದ್ದ ಕೆಂಪು ಕಾಂಟೆಸ್ಸಾವನ್ನು ಇಪ್ಪತ್ತೇ ನಿಮಿಷದಲ್ಲಿ ಕೊಂಡೆ. ಮೊದಲು ನೋಡಿದ್ದು ರೀಲ್‌ನಲ್ಲಿ. ಟೋಕನ್ ಅಡ್ವಾನ್ಸ್ ಹಾಕಿದ್ದು ಆಫೀಸ್ ಕ್ಯಾಂಟೀನಿನಲ್ಲಿ ಕೂತು, ಫೋನ್‌ನಿಂದ. ತೋಟಕ್ಕೆ ಹೋಗಿ ಮಾಡಿದ್ದಾದರೂ ಏನು? ಬಾನೆಟ್ ಮೇಲೆ ಕೈಯಾಡಿಸಿದೆ. ಸ್ಟಾರ್ಟ್ ಮಾಡಿ ಸದ್ದು ಕೇಳಿದೆ. ಸ್ಟಿಯರಿಂಗ್ ಹಿಡಿದು ಕೂತು ಫೋಟೋ ತೆಗೆಸಿಕೊಂಡೆ. ಮುಗೀತು. ಬಣ್ಣದಲ್ಲಿ ನನ್ನ ಮುಖ ಕಾಣ್ತಿತ್ತು ನೋಡಿ, ಅದರ ಒಳಗೆ ಏನಿದೆ ಅಂತ ನೋಡೋ ಮನಸ್ಸೇ ಬರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕಾಂಟೆಸ್ಸಾ ಸ್ಪೋರ್ಟ್ಸ್ ಕಾರಾ ಅಂತ ಜಗಳಕ್ಕೆ ಬರೋರು ಬರ್ತೀರಿ, ಗೊತ್ತು. ಅಲ್ಲ, ಒಪ್ಪಿಕೊಂಡೆ. ನಿಜವಾದ ಹಳೇ ಸ್ಪೋರ್ಟ್ಸ್ ಕಾರು ಅಂದರೆ ಎಂಜಿ, ಟ್ರಯಂಫ್ ಥರದವು. ಲೈಸೆನ್ಸ್ ರಾಜ್ ಕಾಲದಲ್ಲಿ ಆಮದಿಗೆ ಬಾಗಿಲು ಹಾಕಿದ್ದ ದೇಶ ನಮ್ಮದು, ಇಲ್ಲಿ ಅಂಥವು ಬೆರಳೆಣಿಕೆ. ಅದಕ್ಕೇ ನಮ್ಮ ಆಸೆಯೆಲ್ಲ 1984ರಿಂದ 2002ರವರೆಗೆ ಹಿಂದೂಸ್ತಾನ್ ಮೋಟರ್ಸ್ ತಯಾರಿಸಿದ ಈ ಉದ್ದ ಮೂತಿಯ ಕಾರಿನ ಮೇಲೆ ಬಿತ್ತು. ವಾಕ್ಸ್‌ಹಾಲ್ ಕಾರಿನ ಅಚ್ಚಿನಲ್ಲಿ ಬಂದದ್ದಾದರೂ ನಮ್ಮ ಪಾಲಿಗೆ ಇದೇ ಮಸಲ್ ಕಾರು. ಮದರಾಸಿನಲ್ಲಿ ತಯಾರಾಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಟಾಪ್ ಕೊಯ್ದು ಕನ್ವರ್ಟಿಬಲ್ ಮಾಡಿದವರು, ಪದ್ಮಿನಿಯನ್ನ ನೆಲಕ್ಕೆ ಇಳಿಸಿ ಅಗಲ ಟೈರ್ ಹಾಕಿದವರು, ಎಲ್ಲ ಒಂದೇ ಕಾಯಿಲೆಯವರು. ನಾನೂ ಅವರಲ್ಲೊಬ್ಬ. ಹಾಗಾಗಿ ಈ ಲೇಖನ ಹೊರಗಿನವನ ಬೈಗುಳ ಅಲ್ಲ, ಒಳಗಿನವನದ್ದು.

ಕೊಂಡ ಮೂರನೇ ತಿಂಗಳು. ಹಾಸನದ ಕಡೆಯಿಂದ ವಾಪಸ್ ಬರ್ತಾ ಕುಣಿಗಲ್ ಹತ್ತಿರ ಹಿಂದಿನ ಟೈರ್ ಪಂಕ್ಚರ್. ಜೊತೆಗಿದ್ದ ಗೆಳೆಯ ‘ನೀನು ನೀರು ಕುಡಿ ಮಗಾ, ನಾನ್ ಹಾಕ್ತೀನಿ’ ಅಂತ ಬಾಗಿಲ ಕೆಳಗೆ ಜಾಕ್ ಕೊಟ್ಟು ಎತ್ತಿದ. ಕಾರು ಎದ್ದಿತು. ನಟ್ಟು ಬಿಚ್ಚಿ, ಚಕ್ರ ಈಚೆ ಎಳೆಯುವಷ್ಟರಲ್ಲಿ ಒಂದು ಶಬ್ದ ಬಂತು. ಹಪ್ಪಳ ಮುರಿದ ಹಾಗೆ. ಜಾಕ್ ನಿಂತಲ್ಲೇ ನಿಂತಿತ್ತು, ಕಾರು ಮಾತ್ರ ಅದರ ಮೇಲೆ ಕುಸೀತಾ ಇತ್ತು. ಜಾಕಿನ ತಲೆ ತಗಡನ್ನ ತೂರಿಕೊಂಡು ಒಳಗೆ ಹೋಗಿತ್ತು. ಗೆಳೆಯ ಕೈ ಹಿಂದಕ್ಕೆ ಎಳೆದುಕೊಂಡ, ಬ್ರೇಕ್ ಡ್ರಮ್ ನೆಲಕ್ಕೆ ಬಡಿಯಿತು. ಎರಡರ ನಡುವೆ ಒಂದು ಸೆಕೆಂಡ್ ಇತ್ತೋ ಇಲ್ಲವೋ. ಅವನು ತಬಲಾ ಬಾರಿಸ್ತಾನೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಮಾರನೇ ದಿನ ಕಾರನ್ನ ಟೋಯಿಂಗ್ ಗಾಡಿಯಲ್ಲಿ ಹಾಕಿಸಿ ತುಮಕೂರಿಗೆ ತಂದೆ. ಗೊತ್ತಿದ್ದ ಟಿಂಕರಿಂಗ್ ಶಾಪಿನ ಹಿರಿಯರೊಬ್ಬರು ಮಾತಾಡದೆ ಗ್ರೈಂಡರ್ ತಗೊಂಡು ಬಾಗಿಲ ಕೆಳಗಿನ ಬಣ್ಣ ತೆಗೆದರು. ಕೆಂಪು ಬಣ್ಣ, ಅದರ ಕೆಳಗೆ ಪ್ರೈಮರ್, ಅದರ ಕೆಳಗೆ ಪುಟ್ಟಿ. ಪುಟ್ಟಿ, ಮತ್ತೂ ಪುಟ್ಟಿ. ಅದರ ಕೆಳಗೆ ಫೈಬರ್ ಮ್ಯಾಟ್. ಅದರ ಕೆಳಗೆ ಎಂಥದೋ ಡಬ್ಬದ ತಗಡನ್ನ ಬಡಿದು ರಿವೆಟ್ ಹೊಡೆದಿದ್ದರು. ಅದರ ಕೆಳಗೆ ಇರಬೇಕಾದದ್ದು ಇರಲಿಲ್ಲ. ಕಾಫಿಪುಡಿ ಥರ ಕೆಂಪು ಪುಡಿ ಸುರೀತು. ‘ಇದು ರಿಸ್ಟೋರ್ ಮಾಡಿರೋದಲ್ಲ ಸಾರ್, ಹೆಣಕ್ಕೆ ಸಿಂಗಾರ ಮಾಡವ್ರೆ’ ಅಂದರು ಅವರು. ಇಂಜಿನ್ ಹೇಗಿದೆ ಅಂತ ಕೇಳಿದೆ. ‘ಇಂಜಿನ್ ಚೆನ್ನಾಗೈತೆ. ಆದ್ರೆ ಅದನ್ನ ಯಾವುದಕ್ಕೆ ಕಟ್ಟಾಣ?’

ಮಾರಿದವರ ಹೆಸರು, ಊರು ಬರೆಯಲ್ಲ. ಅವರನ್ನ ಬೈದರೆ ನನ್ನ ಸಿಟ್ಟು ಇಳಿಯಬಹುದು, ನಿಮಗೆ ಪ್ರಯೋಜನ ಇಲ್ಲ. ನನ್ನ ತಕರಾರು ಇರೋದು ನಮ್ಮ ಮೇಲೆ, ಅಂದರೆ ಕೊಳ್ಳೋರ ಮೇಲೆ. ಹಳೇ ಕಾರಿನ ಬಜಾರಿನಲ್ಲಿ ಪುಟ್ಟಿಗೆ ಬೆಲೆ ತಂದವರು ನಾವೇ.

ಯೋಚನೆ ಮಾಡಿ. ಒಂದೇ ಥರದ ಎರಡು ಕಾರು ಇವೆ ಅಂದುಕೊಳ್ಳಿ. ಒಂದರ ಬಣ್ಣ ಮಂಕಾಗಿದೆ, ಬಾಗಿಲ ತುದಿಯಲ್ಲಿ ತುಕ್ಕು ಕಾಣ್ತಿದೆ, ತಳ ಮಾತ್ರ ಗಟ್ಟಿ. ಇನ್ನೊಂದು ಕನ್ನಡಿ ಥರ ಹೊಳೀತಿದೆ, ತಳ ಯಾರೂ ನೋಡಿಲ್ಲ. ನಾವು ಯಾವುದಕ್ಕೆ ಒಂದೂವರೆ ಲಕ್ಷ ಜಾಸ್ತಿ ಕೊಡ್ತೀವಿ? ಕೊಳೆತ ತಗಡು ಕೊಯ್ದು, ಹೊಸ ತಗಡು ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿ, ಒಳಗೆ ಮೇಣ ಹೊಡೆಯೋ ಟಿಂಕರ್‌ಗೆ ವಾರಗಟ್ಟಲೆ ಕೆಲಸ. ಅದು ಯಾವ ಫೋಟೋದಲ್ಲೂ ಕಾಣಲ್ಲ, ನಾವು ಅದಕ್ಕೆ ಬಿಡಿಗಾಸು ಜಾಸ್ತಿ ಕೊಡಲ್ಲ. ಪುಟ್ಟಿ ಮೆತ್ತಿ ಬಣ್ಣ ಹೊಡೆಯೋದು ಕೆಲವೇ ದಿನದ ಕೆಲಸ, ಅದಕ್ಕೆ ನಾವು ಲಕ್ಷ ಕೊಡ್ತೀವಿ. ಹಾಗಿದ್ದಮೇಲೆ ಮಾರೋನು ಯಾವುದನ್ನ ಮಾಡಿಸ್ತಾನೆ? ಅವನು ಕೆಟ್ಟವನೇ ಆಗಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು. ಒಳ್ಳೇ ಕೆಲಸ ಮಾಡೋ ಟಿಂಕರ್‌ಗಳು ಅಂಗಡಿ ಮುಚ್ಚಿ ಮಕ್ಕಳನ್ನ ಬೇರೆ ಕೆಲಸಕ್ಕೆ ಕಳಿಸ್ತಿರೋದು ಇದೇ ಲೆಕ್ಕದಿಂದ.

ತುಮಕೂರಿನವರಿಗೆ ಇದು ಹೊಸ ಪಾಠ ಆಗಬಾರದಿತ್ತು. 1978ರಲ್ಲಿ ಶುರುವಾಗಿ 2016ರಲ್ಲಿ ಮುಚ್ಚಿಹೋದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ನಮ್ಮೂರಲ್ಲೇ ಇತ್ತು. ಕಾರ್ಖಾನೆ ಮುಚ್ಚಿದ ಮೇಲೆ ಹಳೇ ಜನತಾ, ಪೈಲಟ್ ವಾಚುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇಡಿಕೆ ಹಿಂದೆಯೇ ಡಯಲ್‌ಗೆ ಹೊಸ ಬಣ್ಣ ಹೊಡೆದು ಮಾರೋರೂ ಬಂದರು. ವಾಚು ಕೊಳ್ಳೋ ಹುಡುಗರು ಬುದ್ಧಿವಂತರು, ಬೇಗ ಕಲಿತರು. ಈಗ ಹೊಳೆಯೋ ಡಯಲ್ ಕಂಡರೆ ಅವರೇ ‘ರೀಡಯಲ್’ ಅಂತ ಮೂಗು ಮುರೀತಾರೆ, ಮಾಸಿದ ಅಸಲಿ ಡಯಲ್‌ಗೆ ಹೆಚ್ಚು ದುಡ್ಡು ಕೊಡ್ತಾರೆ. ಕೈಗೆ ಕಟ್ಟೋ ವಾಚಿನ ವಿಷಯದಲ್ಲಿ ಇರೋ ಈ ಬುದ್ಧಿ, ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ನೂರರ ವೇಗದಲ್ಲಿ ಹೋಗೋ ಕಾರಿನ ವಿಷಯದಲ್ಲಿ ಯಾಕಿಲ್ಲ? ಬಣ್ಣ ತಪ್ಪು ಅಂತ ನಾನು ಹೇಳ್ತಿಲ್ಲ. ಗುಬ್ಬಿ ವೀರಣ್ಣನವರ ಊರಿನ ಪಕ್ಕದವರು ನಾವು, ಬಣ್ಣ ಹಚ್ಚಿದ ಮುಖ ನೋಡಿ ಬೆಳೆದವರು. ಆದರೆ ನಾಟಕದಲ್ಲಿ ರಾವಣನ ಪಾತ್ರಧಾರಿ ಬಣ್ಣ ಹಚ್ಚಿದ್ದಾನೆ ಅಂತ ಟಿಕೆಟ್ ಕೊಂಡವನಿಗೆ ಗೊತ್ತಿರುತ್ತೆ. ಕಾರಿನ ವ್ಯಾಪಾರದಲ್ಲಿ ಗೊತ್ತಿರಲ್ಲ. ವ್ಯತ್ಯಾಸ ಅಷ್ಟೇ.

‘ತುಕ್ಕು ತಾನೇ, ಹಳೇ ಕಾರು ಅಂದಮೇಲೆ ಇರುತ್ತೆ ಬಿಡಿ’ ಅನ್ನೋರಿಗೆ ಒಂದು ವಿವರ. ಲಾರಿ, ಜೀಪುಗಳಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತೆ, ಬಾಡಿ ಅದರ ಮೇಲೆ ಕೂರುತ್ತೆ. ಅಂಬಾಸಿಡರ್, ಪದ್ಮಿನಿ, ಕಾಂಟೆಸ್ಸಾಗಳಲ್ಲಿ ಬಾಡಿಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ, ಅಂದರೆ ಗ್ಯಾರೇಜಿನವರು ರನ್ನಿಂಗ್ ಬೋರ್ಡ್ ಅನ್ನೋದು, ಬಾಗಿಲ ಕಂಬಗಳು, ಟಾಪು, ಇವೆಲ್ಲ ಸೇರಿ ಕಾರಿನ ಬೆನ್ನುಮೂಳೆ. ಸಸ್ಪೆನ್ಶನ್ ಕಚ್ಚಿರೋದು ಇದಕ್ಕೇ, ಸೀಟು ಬೋಲ್ಟ್ ಆಗಿರೋದು ಇದಕ್ಕೇ, ಬೆಲ್ಟ್ ಇದ್ದರೆ ಅದು ಹಿಡ್ಕೊಂಡಿರೋದೂ ಇದನ್ನೇ. ಇದು ಕೊಳೆತರೆ ಕಾರು ‘ಸ್ವಲ್ಪ ಹಳೇದು’ ಆಗಲ್ಲ, ಒಂದು ಡಿಕ್ಕಿಗೆ ರಟ್ಟಿನ ಪೆಟ್ಟಿಗೆ ಥರ ಮಡಚಿಕೊಳ್ಳುತ್ತೆ. ಟಾಪ್ ಕೊಯ್ದ ಕಾರಿನಲ್ಲಂತೂ ಮೇಲಿನ ಆಸರೆಯೂ ಇಲ್ಲ, ಭಾರವೆಲ್ಲ ಕೆಳಗಿನ ತಗಡಿನ ಮೇಲೆ. ಹೆರಾಲ್ಡ್‌ಗೆ ಬೇರೆ ಚಾಸಿ ಇದೆ ನಿಜ. ಆದರೆ ಬಾಡಿಯನ್ನ ಹೊರಲು ಆ ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳು ಇವೆಯಲ್ಲ, ತುಕ್ಕು ಮೊದಲು ತಿನ್ನೋದು ಅವನ್ನೇ. ಬೆಂಗಳೂರಿನ ಸಿಪಾನಿ ಡಾಲ್ಫಿನ್ನಿನದು ಫೈಬರ್ ಬಾಡಿ, ಅದಕ್ಕೆ ತುಕ್ಕೇ ಹಿಡಿಯಲ್ಲ ಅಂತ ಖುಷಿ ಪಡೋರು ಅದರ ಕೆಳಗಿನ ಕಬ್ಬಿಣದ ಚಾಸಿ ನೋಡಿ ಬನ್ನಿ.

ಇನ್ನೂ ಒಂದು. ತುಕ್ಕು ನಾವು ಅಂದುಕೊಂಡಂತೆ ಹೊರಗಿನಿಂದ ಒಳಕ್ಕೆ ಬರಲ್ಲ. ಹೆಚ್ಚಾಗಿ ಒಳಗಿಂದಲೇ ಹೊರಕ್ಕೆ ಬರೋದು. ಚಕ್ರ ಎರಚಿದ ಕೆಸರು, ಗಾಜಿನ ರಬ್ಬರ್ ಸಂದಿಯಿಂದ ಇಳಿದ ಮಳೆನೀರು, ಮುಚ್ಚಿದ ಪೆಟ್ಟಿಗೆಯಂಥ ಜಾಗದಲ್ಲಿ ಕೂರುತ್ತೆ. ನೀರು ಇಳಿಯೋಕೆ ಅಂತ ಕಂಪನಿಯವರು ಬಿಟ್ಟ ತೂತುಗಳು ಮಣ್ಣು ಕಟ್ಟಿಕೊಂಡಿರ್ತವೆ. ತಗಡಿನ ಮೇಲೆ ತಗಡು ಬೆಸೆದ ಸಂದಿಯಲ್ಲಿ ಒದ್ದೆ ಉಳಿಯುತ್ತೆ. ಕಬ್ಬಿಣ ತುಕ್ಕಾದಾಗ ಮೂಲದ ಹಲವು ಪಟ್ಟು ಜಾಗ ಬೇಡುತ್ತೆ, ಅದಕ್ಕೇ ಬಣ್ಣ ಗುಳ್ಳೆಯಾಗಿ ಏಳೋದು. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಹೋಗಿರಬಹುದು ಅಂತ ಲೆಕ್ಕ ಇಟ್ಟುಕೊಳ್ಳಿ.

ಈಗ ಮಾರೋರು ಹೇಳೋ, ನಾವು ಗೋಣು ಹಾಕೋ ಮೂರು ಮಾತು.

‘ಬಯಲುಸೀಮೆ ಗಾಡಿ ಸಾರ್, ತುಕ್ಕು ಎಲ್ಲಿಂದ ಬರ್ಬೇಕು?’ ಅರ್ಧ ನಿಜ. ಕರಾವಳಿಯ ಉಪ್ಪುಗಾಳಿ ಕಬ್ಬಿಣಕ್ಕೆ ಮಾಡೋ ಹಾನಿ ತುಮಕೂರಿನ ಒಣ ಹವೆ ಮಾಡಲ್ಲ. ಆದರೆ ಕಾರಿಗೆ ಚಕ್ರ ಇದೆ, ಮರೀಬೇಡಿ. ಮಂಗಳೂರಿಂದ ಬೆಂಗಳೂರಿಗೆ ಹೋಗೋ ರಾಷ್ಟ್ರೀಯ ಹೆದ್ದಾರಿ 75 ಹಾದುಹೋಗೋದು ಕುಣಿಗಲ್ ಮೇಲೆಯೇ. ಕಡಲ ಪಕ್ಕ ಹದಿನೈದು ವರ್ಷ ನಿಂತಿದ್ದ ಕಾರು ಒಂದು ದಿನದಲ್ಲಿ ಘಾಟಿ ಹತ್ತಿ ‘ಬಯಲುಸೀಮೆ ಗಾಡಿ’ ಆಗುತ್ತೆ. ನಂಬರ್ ಪ್ಲೇಟಿನಲ್ಲಿ ಕೆಎ 19 ಅಂದರೆ ಮಂಗಳೂರು, ಕೆಎ 20 ಅಂದರೆ ಉಡುಪಿ. ಕೆಎ 06 ಇದ್ದರೂ ಸುಮ್ಮನಾಗಬೇಡಿ, ಆಮೇಲೆ ಎಲ್ಲೆಲ್ಲಿ ಇತ್ತು ಅಂತ ಕೇಳಿ. ಆರ್‌ಸಿಯಲ್ಲಿ ಎಷ್ಟನೇ ಮಾಲೀಕರು ಅಂತ ನೋಡಿ, ಹಿಂದಿನವರ ಊರು ವಿಚಾರಿಸಿ. ಕಡಲ ತನಕ ಹೋಗಲೂ ಬೇಕಿಲ್ಲ. ದಿನಾ ನೀರು ಕುಡಿಯೋ ತೆಂಗಿನ ತೋಟದಲ್ಲಿ, ಗರಿ ಹೊದ್ದು, ಹಸಿ ನೆಲದ ಮೇಲೆ ಐದಾರು ಮಳೆಗಾಲ ಅಲ್ಲಾಡದೆ ನಿಂತ ಕಾರು ಒಣಗೋದು ಯಾವಾಗ? ನನ್ನದು ಅಂಥದ್ದೇ.

‘ಹಳೇ ಕಾಲದ ತಗಡು ಸಾರ್, ಈಗಿನ ಥರ ಪೇಪರ್ ಅಲ್ಲ.’ ದಪ್ಪ ಇತ್ತು, ಸರಿ. ಆದರೆ ಇವತ್ತಿನ ಕಾರುಗಳ ತಗಡಿಗೆ ಕೊಡೋ ಸತುವಿನ ಲೇಪ, ಒಳಸಂದಿಗಳಿಗೆಲ್ಲ ಹೋಗೋ ಹಾಗೆ ಬಾಡಿಯನ್ನೇ ಮುಳುಗಿಸಿ ಕೊಡೋ ಪ್ರೈಮರ್, ಪೆಟ್ಟಿಗೆಗಳ ಒಳಗಿನ ಮೇಣ, ಆ ರಕ್ಷಣೆ ಆ ಕಾಲದ ನಮ್ಮ ಕಾರುಗಳಿಗೆ ಸಿಗಲಿಲ್ಲ. ದಪ್ಪ ತಗಡು ತುಕ್ಕನ್ನ ತಡೆಯಲ್ಲ, ತಡ ಮಾಡುತ್ತೆ. ಆ ತಡ ಮೂವತ್ತು ನಲವತ್ತು ವರ್ಷಗಳ ಹಿಂದೆಯೇ ಶುರುವಾಗಿದೆ.

‘ಎಫ್‌ಸಿ ಆಗಿದೆ ಸಾರ್.’ ಹದಿನೈದು ವರ್ಷ ದಾಟಿದ ಕಾರಿಗೆ ಆರ್‌ಟಿಒದಲ್ಲಿ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಆಗುತ್ತೆ. ಆ ಕಾಗದ ರಸ್ತೆಗೆ ಇಳಿಯಲು ಅನುಮತಿ, ತಗಡಿನ ಜಾತಕ ಅಲ್ಲ. ಬ್ರಿಟನ್ನಿನಲ್ಲಿ ಕಾರುಗಳಿಗೆ ಎಂಒಟಿ ಅನ್ನೋ ವಾರ್ಷಿಕ ಪರೀಕ್ಷೆ ಇದೆ. ಸಸ್ಪೆನ್ಶನ್, ಸ್ಟಿಯರಿಂಗ್, ಬ್ರೇಕ್, ಬೆಲ್ಟ್ ಕಚ್ಚಿರೋ ಜಾಗದಿಂದ 30 ಸೆಂಟಿಮೀಟರ್ ಒಳಗೆ ಅತಿಯಾದ ತುಕ್ಕು ಇದ್ದರೆ ಕಾರು ಫೇಲ್. ಪರೀಕ್ಷೆ ಮಾಡೋರು ಬೆರಳಲ್ಲಿ ಒತ್ತಿ, ಪುಟ್ಟ ಸುತ್ತಿಗೆಯಂಥ ಸಾಧನದಿಂದ ತಟ್ಟಿ ನೋಡ್ತಾರೆ. ನಮ್ಮಲ್ಲಿ ಆ ತಟ್ಟೋ ಕೆಲಸ ಬೇರೆ ಯಾರೂ ಮಾಡಲ್ಲ. ನೀವೇ ಮಾಡಬೇಕು.

ಹೇಗೆ ಅಂತ ಹೇಳ್ತೀನಿ. ಜೇಬಿಗೆ ಒಂದು ಟಾರ್ಚ್, ಫ್ರಿಜ್ ಬಾಗಿಲಿಗೆ ಅಂಟಿಸೋ ಥರದ ಒಂದು ಸಣ್ಣ ಅಯಸ್ಕಾಂತ, ಕೂರೋಕೆ ಹಳೇ ಬೆಡ್‌ಶೀಟು. ಹಗಲು ಹೊತ್ತಲ್ಲೇ ಹೋಗಿ. ಕಾರು ಒಣಗಿರಲಿ, ಒದ್ದೆ ಕಾರು ಎಲ್ಲವೂ ಹೊಳೆಯುತ್ತೆ. ‘ಈಗ ತಾನೇ ವಾಶ್ ಮಾಡ್ಸಿದೀನಿ’ ಅಂದರೆ ಟೀ ಕುಡಿದುಬನ್ನಿ, ಅಷ್ಟರಲ್ಲಿ ಒಣಗುತ್ತೆ.

ಮೊದಲು ದೂರ ನಿಂತು ಬಾಗಿಲ ಸಂದಿಗಳನ್ನ ನೋಡಿ. ಮೇಲಿಂದ ಕೆಳಗೆ ಸಂದಿ ಒಂದೇ ಅಳತೆ ಇರಬೇಕು. ಬಾಗಿಲು ತೆರೆದು ತುದಿಯಿಂದ ಮೆಲ್ಲಗೆ ಮೇಲೆತ್ತಿ. ಅಲ್ಲಾಡಿದರೆ ಕೀಲು ಸವೆದಿರಬಹುದು, ಕೀಲು ಹಿಡಿದಿರೋ ಕಂಬವೇ ಕೊಳೆತಿರಲೂಬಹುದು. ಬಾಗಿಲ ಕೆಳತುದಿಯಲ್ಲಿ ತಗಡು ಮಡಚಿದ ಅಂಚಿಗೆ ಬೆರಳು ಹಾಯಿಸಿ. ಫ್ಯಾಕ್ಟರಿ ಅಂಚು ಚೂಪಾಗಿ ನೇರ ಇರುತ್ತೆ, ಪುಟ್ಟಿಯ ಅಂಚು ಮೊದ್ದುಮೊದ್ದಾಗಿ ಸಿಗುತ್ತೆ.

ಆಮೇಲೆ ಅಯಸ್ಕಾಂತ. ಬಣ್ಣ ಗೀಚದ ಹಾಗೆ ತೆಳ್ಳನೆ ಬಟ್ಟೆ ಸುತ್ತಿ. ಮೊದಲು ಟಾಪಿನ ಮೇಲೆ ಇಟ್ಟು ಎಷ್ಟು ಗಟ್ಟಿ ಹಿಡಿಯುತ್ತೆ ಅಂತ ಕೈಗೆ ಅಭ್ಯಾಸ ಮಾಡಿಸಿ, ಅಲ್ಲಿ ಪುಟ್ಟಿ ಇರೋದು ಅಪರೂಪ. ಹಾಗೇ ಚಕ್ರದ ಕಮಾನಿನ ಅಂಚು, ಹೆಡ್‌ಲೈಟ್ ಸುತ್ತ, ಬಾಗಿಲ ಕೆಳಭಾಗ, ರನ್ನಿಂಗ್ ಬೋರ್ಡ್, ಡಿಕ್ಕಿಯ ಕೆಳಮೂಲೆ. ಎಲ್ಲಿ ಹಿಡಿತ ಸಡಿಲ ಆಯ್ತೋ ಅಲ್ಲಿ ಲೋಹಕ್ಕೂ ನಿಮಗೂ ನಡುವೆ ಏನೋ ಇದೆ. ಬೆರಳ ಗೆಣ್ಣಿಂದ ತಟ್ಟಿ. ತಗಡು ಟಣ್ ಅನ್ನುತ್ತೆ, ಪುಟ್ಟಿ ದಪ್ ಅನ್ನುತ್ತೆ. ಕಲ್ಲಂಗಡಿ ಕೊಳ್ಳೋವಾಗ ತಟ್ಟಲ್ವಾ, ಹಾಗೇ. ಮೀಟರೇ ಬೇಕು ಅನ್ನೋರು ಬಣ್ಣದ ದಪ್ಪ ಅಳೆಯೋ ಗೇಜ್ ತಗೊಳ್ಳಿ. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತೆ, ಮತ್ತೊಮ್ಮೆ ಹೊಡೆದಿದ್ದರೆ 200, 300. ಗೇಜ್ 1,000 ದಾಟಿದರೆ ಅದು ಬಣ್ಣ ಅಲ್ಲ, ಒಂದು ಮಿಲಿಮೀಟರ್ ಪುಟ್ಟಿ.

ಮೂರನೆಯದು ಒಳಗೆ. ಕಾರ್ಪೆಟ್ ಎತ್ತಿಸಿ. ‘ಅಂಟಿಸಿದೀವಿ ಸಾರ್, ಬರಲ್ಲ’ ಅಂದರೆ ವ್ಯಾಪಾರವೂ ಬರಲ್ಲ ಅನ್ನಿ. ಚಾಲಕನ ಕಾಲ ಕೆಳಗೆ, ಸೀಟಿನ ಬೋಲ್ಟ್ ಸುತ್ತ ಒತ್ತಿ ನೋಡಿ. ಮುಗ್ಗಲು ವಾಸನೆ ಬಂದರೆ ನೀರು ಇಳೀತಿದೆ ಅಂತ ಅರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಮುಂದೆ, ಹಿಂದೆ ಗಾಜಿನ ರಬ್ಬರಿನ ಕೆಳಮೂಲೆ ನೋಡಿ. ಬ್ಯಾಟರಿ ಕೂರೋ ತಟ್ಟೆ ನೋಡಿ, ಆಸಿಡ್ ಅಲ್ಲಿ ಎಷ್ಟು ತಿಂದಿದೆ ಅಂತ ಗೊತ್ತಾಗುತ್ತೆ.

ಕೊನೆಯದು, ಮುಖ್ಯವಾದದ್ದು, ಕಾರಿನ ಕೆಳಗೆ. ಪಕ್ಕದ ಸರ್ವೀಸ್ ಸ್ಟೇಷನ್ನಿಗೆ ಕಾರು ಒಯ್ದು ರ‍್ಯಾಂಪ್ ಮೇಲೆ ಹತ್ತಿಸಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಯಾಕೆ ಅಂತ ಕುಣಿಗಲ್ ಕಥೆ ಹೇಳಿದ್ದೀನಲ್ಲ. ಸಸ್ಪೆನ್ಶನ್ ಬಾಡಿಗೆ ಕಚ್ಚೋ ನಾಲ್ಕೂ ಜಾಗ, ಜಾಕ್ ಕೊಡೋ ಜಾಗ, ಅಡ್ಡಪಟ್ಟಿಗಳ ಸಂದಿ ಟಾರ್ಚ್ ಬಿಟ್ಟು ನೋಡಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ತಳಕ್ಕೆಲ್ಲ ಹೊಸದಾಗಿ ದಪ್ಪಗೆ ಕಪ್ಪು ಕೋಟಿಂಗ್ ಬಳಿದಿದ್ದರೆ ಖುಷಿ ಪಡಬೇಡಿ, ಅನುಮಾನ ಪಡಿ. ಒಳ್ಳೇ ತಳವನ್ನ ಮಾರೋನು ತೋರಿಸ್ತಾನೆ, ಮುಚ್ಚಲ್ಲ. ನೀರಿಳಿಯೋ ತೂತು ಹುಡುಕಿ. ಅವು ಮುಚ್ಚಿದ್ದರೆ ಅಥವಾ ಇಲ್ಲವೇ ಇಲ್ಲ ಅಂದರೆ ಯಾರೋ ಅದರ ಮೇಲೆ ತಗಡು ಹೊದಿಸಿದ್ದಾರೆ. ಫೋನಿಗೆ ಸಿಕ್ಕಿಸೋ ಸಣ್ಣ ಎಂಡೋಸ್ಕೋಪ್ ಕ್ಯಾಮೆರಾ ಆನ್‌ಲೈನಿನಲ್ಲಿ ಸಿಗುತ್ತೆ, ಅದನ್ನ ಆ ತೂತಿನೊಳಗೆ ಬಿಟ್ಟರೆ ಪೆಟ್ಟಿಗೆಯ ಒಳಗೇ ಕಾಣುತ್ತೆ. ಟಾಪ್ ಇಲ್ಲದ ಕಾರಾದರೆ ಇನ್ನೊಂದು ಪರೀಕ್ಷೆ. ನೆಲದ ಮೇಲಿದ್ದಾಗ ಬಾಗಿಲು ಸಲೀಸಾಗಿ ಮುಚ್ಚಿತಾ ನೋಡಿ. ಒಂದು ಕಡೆ ಜಾಕ್ ಕೊಟ್ಟು ಎತ್ತಿದಾಗ ಅದೇ ಬಾಗಿಲು ಸಿಕ್ಕಿಕೊಂಡರೆ ಕಾರಿನ ನಡು ಬಗ್ಗುತ್ತಿದೆ. ಆಮೇಲೆ ಮಾತೇ ಬೇಡ, ನಮಸ್ಕಾರ ಹೇಳಿ ಬಂದುಬಿಡಿ.

ಇಷ್ಟಕ್ಕೂ ಹೆಚ್ಚೆಂದರೆ ಒಂದೂವರೆ ಗಂಟೆ. ತಾತ ಎತ್ತಿಗೆ ಕೊಟ್ಟ ಹೊತ್ತಿನ ಕಾಲು ಭಾಗವೂ ಅಲ್ಲ.

‘ಇಷ್ಟೆಲ್ಲ ಕೆದಕಿದ್ರೆ ಮಾರೋರಿಗೆ ಬೇಜಾರಾಗಲ್ವಾ?’ ಅಂತ ಒಬ್ಬರು ಕೇಳಿದರು. ನಮ್ಮ ಇಡೀ ಕಾಯಿಲೆ ಈ ಒಂದು ಪ್ರಶ್ನೆಯಲ್ಲಿದೆ. ನಾಲ್ಕೂವರೆ ಲಕ್ಷ ಕೊಡೋನಿಗೆ ದಾಕ್ಷಿಣ್ಯ! ಕಾನೂನಿಗೆ ದಾಕ್ಷಿಣ್ಯ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಅಂಥ ಸರಕಿನ ವ್ಯಾಪಾರವನ್ನೇ ಮಾಡೋರಿಂದ ಕೊಂಡಾಗ ಸರಕು ಮಾರಾಟಕ್ಕೆ ಯೋಗ್ಯವಾಗಿರಬೇಕು ಅನ್ನೋ ಷರತ್ತು ತಾನಾಗೇ ಇರುತ್ತೆ. ಆದರೆ ನೀವು ಪರೀಕ್ಷಿಸಿ ಕೊಂಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆ ರಕ್ಷಣೆ ಇಲ್ಲ. ಇನ್ನು 1872ರ ಕರಾರು ಕಾಯ್ದೆಯ 17ನೇ ಸೆಕ್ಷನ್. ಗೊತ್ತಿದ್ದೂ ಒಂದು ಸಂಗತಿಯನ್ನ ಮುಚ್ಚಿಡಲು ಕೈಯಾರೆ ಏನಾದರೂ ಮಾಡಿ ವಂಚಿಸಿದರೆ ಅದು ಮೋಸ. ಸುಮ್ಮನೆ ಬಾಯಿಮುಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ಮೋಸ ಅಲ್ಲ. ಇದರ ಅರ್ಥ ಗೊತ್ತಾಯ್ತಾ? ನೀವು ಕೇಳದಿದ್ದರೆ ಅವರು ಹೇಳಬೇಕಾಗಿಲ್ಲ. ಕೇಳಿ. ವಾಟ್ಸಾಪಿನಲ್ಲಿ ಬರೆದು ಕೇಳಿ: ‘ತಳ, ರನ್ನಿಂಗ್ ಬೋರ್ಡ್, ಸಸ್ಪೆನ್ಶನ್ ಜಾಗದಲ್ಲಿ ತುಕ್ಕು ಇತ್ತಾ? ಏನು ರಿಪೇರಿ ಆಗಿದೆ? ಬಣ್ಣ ಹೊಡೆಯೋ ಮುಂಚಿನ ಫೋಟೋ ಕಳಿಸಿ.’ ಉತ್ತರ ಬಂದರೆ ಅದು ನಿಮ್ಮ ಕಾಗದಪತ್ರ. ಉತ್ತರ ಬರದಿದ್ದರೆ ಅದೇ ಉತ್ತರ.

ಬಣ್ಣಕ್ಕೆ ಮುಂಚಿನ ಫೋಟೋ ಇಲ್ಲ ಅಂದರೆ ‘ಫುಲ್ ರಿಸ್ಟೋರ್ಡ್’ ಅನ್ನೋ ಮಾತಿಗೆ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆಯ್ತು. ಹಾರೋ ಯಂತ್ರಗಳ ಲೋಕದಲ್ಲಿ ತುಕ್ಕು ಕಂಡರೆ ಬರೆದಿಡಬೇಕು, ರಿಪೇರಿ ಮಾಡಿದರೆ ಯಾರು ಏನು ಮಾಡಿದರು ಅಂತ ಸಹಿ ಹಾಕಬೇಕು. ನೆಲದ ಮೇಲೆ ಓಡೋ ಯಂತ್ರಕ್ಕೆ ಅಷ್ಟು ಬೇಡ, ಫೋನಿನಲ್ಲಿ ಇಪ್ಪತ್ತು ಫೋಟೋ ಸಾಕು. ಸರ್ಕಾರವೂ 2021ರಲ್ಲಿ ಐವತ್ತು ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ತಂದಾಗ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲಿ ಇರಬೇಕು ಅಂದಿತೇ ಹೊರತು ಬಣ್ಣ ಹೊಳೀಬೇಕು ಅನ್ನಲಿಲ್ಲ.

ಹಾಗಾದರೆ ತುಕ್ಕಿರೋ ಕಾರು ಕೊಳ್ಳಲೇಬಾರದಾ? ಕೊಳ್ಳಿ! ನಾನು ಹೇಳ್ತಿರೋದೇ ಅದು. ಕಾಣೋ ತುಕ್ಕಿರೋ, ಬಣ್ಣ ಮಾಸಿದ, ಪ್ರಾಮಾಣಿಕ ಕಾರು ಕೊಳ್ಳಿ. ಅದರ ರೋಗ ಎಷ್ಟು ಅಂತ ಟಿಂಕರ್ ಒಬ್ಬರನ್ನ ಜೊತೆಗೆ ಕರೆದೊಯ್ದು, ಅವರ ಅರ್ಧ ದಿನದ ಕೂಲಿ ಮತ್ತೆ ಊಟದ ದುಡ್ಡು ಕೊಟ್ಟು ತಿಳ್ಕೊಳ್ಳಿ. ಉಳಿದ ದುಡ್ಡನ್ನ ತಗಡಿನ ಕೆಲಸಕ್ಕೆ ಕೊಡಿ. ಬಣ್ಣ ಕೊನೆಗೆ. ನಾವು ಹೀಗೆ ದುಡ್ಡು ಕೊಡೋಕೆ ಶುರು ಮಾಡಿದ ದಿನ ಪುಟ್ಟಿ ವ್ಯಾಪಾರ ತಾನಾಗೇ ನಿಲ್ಲುತ್ತೆ, ಒಳ್ಳೇ ಟಿಂಕರ್ ಮಗ ಅಪ್ಪನ ಅಂಗಡಿ ಬಾಗಿಲು ಮತ್ತೆ ತೆರೀತಾನೆ.

ನನ್ನ ಕಾಂಟೆಸ್ಸಾ ಈಗ ಅದೇ ಶಾಪಿನ ಶೆಡ್ಡಿನಲ್ಲಿ ಇದೆ. ಎರಡೂ ಕಡೆ ರನ್ನಿಂಗ್ ಬೋರ್ಡ್ ಹೊಸ ತಗಡು, ನೆಲದ ಅರ್ಧ ಹೊಸದು. ಕೊಂಡ ಬೆಲೆಯಷ್ಟೇ ಖರ್ಚಾಗ್ತಿದೆ. ಬಣ್ಣ ಇಲ್ಲ, ಬೂದು ಪ್ರೈಮರ್ ಅಷ್ಟೇ. ಹೋದ ತಿಂಗಳು ಬೆಂಗಳೂರಿಂದ ಒಬ್ಬ ಹುಡುಗ ಬಂದಿದ್ದ, ಒಳ್ಳೇ ಕೆಲಸದಲ್ಲಿರೋನು, ಥೇಟ್ ನನ್ನ ಥರ. ಮಾರ್ತೀರಾ ಸಾರ್ ಅಂದ. ಮಾರಲ್ಲ, ಆದರೆ ನೋಡು ಬಾ ಅಂತ ಟಾರ್ಚ್ ಕೊಟ್ಟು, ನೆಲದ ಮೇಲೆ ಬೆಡ್‌ಶೀಟ್ ಹಾಸಿದೆ. ಅವನು ತನ್ನ ಬಿಳೀ ಪ್ಯಾಂಟ್ ನೋಡಿಕೊಂಡ, ಬೆಡ್‌ಶೀಟ್ ನೋಡಿದ. ‘ಪರ್ವಾಗಿಲ್ಲ ಸಾರ್, ನೀವು ಹೇಳಿದ್ಮೇಲೆ ಸಾಕು. ಅಂದ್ಹಾಗೆ, ಯಾವ ಕಲರ್ ಹೊಡಿಸ್ತೀರಾ?’

ಶೆಡ್ಡಿನ ಮೂಲೆಯಲ್ಲಿ ವೆಲ್ಡಿಂಗ್ ಮಾಡ್ತಿದ್ದ ಹಿರಿಯರು ಮುಖದ ಮೇಲಿನ ಗ್ಲಾಸ್ ಎತ್ತಿ ನನ್ನ ಕಡೆ ನೋಡಿ ನಕ್ಕರು. ನನಗೆ ನಗು ಬರಲಿಲ್ಲ.